ಕೋಡಿಗೆ ಹೋಗದ ಕಲ್ಲು

ದೀಕ್ಷಾಳ ಕಿವಿ ಪೂರ್ತಿ ಹೋದದ್ದು 2008ರ ನವೆಂಬರಿನ ಒಂದು ರಾತ್ರಿ. ಮರುದಿನ ಬೆಳಿಗ್ಗೆ ಹೆಡ್‌ಮಾಸ್ತರರಾದ ಚೆನ್ನಯ್ಯನವರು ಅವಳ ಬಟ್ಟೆಯ ಗಂಟನ್ನು ವಿದ್ಯಾಲಯದ ಜಗಲಿಗೆ ತರಿಸಿ ಇಟ್ಟರು.

"ದೆವ್ವ ಕರಿಯುಕೆ ಕಿವಿ ಬೇಕ್. ಇನ್ನ್ ಇವಳನ್ನ್ ಇಟ್ಕಂಡ್ ಎಂತ ಮಾಡುದ್?" ಎಂದರು. ದೀಕ್ಷಾ ಅವರ ತುಟಿಯನ್ನೇ ನೋಡುತ್ತಾ ನಿಂತಿದ್ದಳು. ಪಕ್ಕದಲ್ಲಿದ್ದ ಪೂಜಿತಾಳಿಗೆ ಮೈಯೆಲ್ಲ ಉರಿಯಿತು.

ಒಂಬತ್ತು ವರ್ಷದ ಹಿಂದೆ ಕಡಲು ಮೂರು ದಿನ ಊರೊಳಗೆ ನುಗ್ಗಿ ಕುಂದಾಪುರದ ಪೇಟೆಯಿಂದ ನಾವುಂದದವರೆಗೆ ಎಲ್ಲವನ್ನೂ ನುಂಗಿತ್ತು. ಕರೆಂಟು, ಬಸ್ಸು, ಸರಕಾರ ಎಲ್ಲ ಅಲ್ಲಿಗೇ ಮುಗಿದವು. ನೀರು ಇಳಿದ ಮೇಲೆ, ಬದುಕುಳಿದ ಕೆಲವು ಮಕ್ಕಳು ಕೂಗಿದರೆ ನೆಲದೊಳಗಿಂದ ದೆವ್ವಗಳು ಎದ್ದು ಬರತೊಡಗಿದವು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಸಿದ್ದಾಪುರದ ಗುಡ್ಡದವರು ಅಂಥ ಮಕ್ಕಳನ್ನು ಹುಡುಕಿ ತಂದು ವಿದ್ಯಾಲಯ ಮಾಡಿದರು. ಕಡಲಂಚಿನ ಕೋಡಿ ಎಂಬ ಊರಿನ ಪೂಜಿತಾಳಿಗೆ ಆಗ ಏಳು ವರ್ಷ.

ದೆವ್ವ ಸುಮ್ಮನೆ ಬರುವುದಿಲ್ಲ. ಪ್ರತಿ ಸಲವೂ ಕರೆದವರ ಕಿವಿಯಿಂದ ಒಂದಿಷ್ಟು ತೆಗೆದುಕೊಂಡು ಹೋಗುತ್ತದೆ. ಮೊದಲು ಜೀರುಂಡೆಯ ಸದ್ದು ಹೋಗುತ್ತದೆ, ಆಮೇಲೆ ಮಳೆಯದು, ಕೊನೆಗೆ ಮನುಷ್ಯರ ಮಾತು. ಮಕ್ಕಳು ಕೊಟ್ಟರು. ಯಾಕೆಂದರೆ ದೆವ್ವಗಳು ಹೊತ್ತು ಒಯ್ಯುವ ಕೆಂಪುಕಲ್ಲಿನಿಂದ ಕೋಡಿಯಲ್ಲಿ ಕಡಲಿಗೆ ಗೋಡೆ ಏಳುತ್ತಿದೆ, ಅದು ಮುಗಿದ ದಿನ ಎಲ್ಲರನ್ನೂ ಮನೆಗೆ ಕಳಿಸುತ್ತೇವೆ ಎಂದು ಚೆನ್ನಯ್ಯನವರು ಹೇಳಿದ್ದರು. ಮಕ್ಕಳು ಕರೆಯುತ್ತಿದ್ದರು. ಕಲ್ಲು ಎಲ್ಲಿಗೆ ಎಂಬುದನ್ನು ಚೆನ್ನಯ್ಯನವರೊಬ್ಬರೇ ದೆವ್ವದ ಕಿವಿಯಲ್ಲಿ ಹೇಳುತ್ತಿದ್ದರು.

"ಇವಳನ್ನ್ ಬಿಟ್ಟ್ ಬತ್ತೆ" ಎಂದಳು ಪೂಜಿತಾ.

"ಗೇಟಿನ ತನಕ ಮಾತ್ರ."

ಅವಳು ಗೇಟಿನಲ್ಲಿ ನಿಲ್ಲಲಿಲ್ಲ. ದೀಕ್ಷಾಳ ಕೈ ಹಿಡಿದುಕೊಂಡು ಗುಡ್ಡ ಇಳಿದಳು. ಎರಡು ತಾಸು ನಡೆದ ಮೇಲೆ, ಮಾಸ್ತರರ ಮನೆಯವರ ಹಸಿರು ಗದ್ದೆಗಳ ಅಂಚಿನಲ್ಲಿ, ಎರಡಾಳೆತ್ತರದ ಕೆಂಪು ಗೋಡೆಯೊಂದು ಅಡ್ಡ ಬಂತು. ಗುಡ್ಡದ ಬುಡವನ್ನೆಲ್ಲ ಬಳಸಿ ಕಣ್ಣಿಗೆ ಕಾಣುವಷ್ಟು ದೂರಕ್ಕೂ ಹೋಗಿತ್ತು. ಪೂಜಿತಾ ಹತ್ತಿರ ಹೋಗಿ ನೋಡಿದಳು. ಒಂದು ಕಲ್ಲಿನ ಮೇಲೆ 'ಪೂ' ಎಂದಿತ್ತು. ಇನ್ನೊಂದರ ಮೇಲೆ 'ದೀ'. ಕಲ್ಲು ಹೊರಿಸುವ ಮೊದಲು ಮಕ್ಕಳು ಮೊಳೆಯಿಂದ ತಮ್ಮ ಹೆಸರಿನ ಅಕ್ಷರ ಗೀಚುತ್ತಿದ್ದರು, ಮನೆಯವರು ಕಂಡು ಗುರುತು ಹಿಡಿಯಲಿ ಎಂದು.

ಗೋಡೆಯ ನಡುವೆ ಬೀಗ ಹಾಕಿದ ಕಬ್ಬಿಣದ ಬಾಗಿಲು. ಅದರ ಸರಳುಗಳಾಚೆ ಜನ ಕಿಕ್ಕಿರಿದಿದ್ದರು. ಎದುರಿಗೇ ನಿಂತ ಮುದುಕಿಯೊಬ್ಬಳು ಸರಳು ಬಡಿಯುತ್ತಿದ್ದಳು. "ಹ್ವಾಯ್, ಬಾಗಿಲ್ ತೆಗಿನಿ! ಮಕ್ಳಿಗ್ ಗಂಜಿಗೆ ಅಕ್ಕಿ ಇಲ್ಲೆ!"

ಪೂಜಿತಾ ಉಳಿದಿದ್ದ ಅರೆ ಕಿವಿಯನ್ನು ಸರಳಿಗೆ ಒತ್ತಿದಳು. ಆ ಸ್ವರ ಅವಳದೇ ಅಜ್ಜಿ ಸುಂದರಿಯದು.

"ಅಜ್ಜೀ, ನಾನ್ ಪೂಜಿತಾ."

ಮುದುಕಿಯ ಕೈ ನಿಂತಿತು. "ನೀ ಸತ್ ಹೋಯ್ದೆ ಅಂದ್ ಮಾಷ್ಟ್ರ್ ಹೇಳಿದ್ರಲೆ ಮಗಾ!"

"ಕೋಡಿಯಲ್ಲ್ ಕಟ್ಟಿದ್ ಗೋಡೆ?"

"ಎಂತ ಗೋಡೆ? ಮೊನ್ನೆ ಅಮಾಸಿಗೆ ನಾಕ್ ಗುಡಿಸಲ್ ಕಡಲ್ ಪಾಲಾಯ್ತ್."

ಅಷ್ಟರಲ್ಲಿ ಚೆನ್ನಯ್ಯನವರು ಏದುಸಿರು ಬಿಡುತ್ತಾ ಹಿಂದೆಯೇ ಬಂದರು. ಪೂಜಿತಾ ಅವರತ್ತ ತಿರುಗಿದಳು.

"ಮಾಷ್ಟ್ರೇ, ದೀಕ್ಷಾನ ಕಿವಿ ತಿಂದದ್ ಇದಕ್ಕಾ?"

"ಅವ್ರನ್ನೆಲ್ಲ ಮೇಲ್ ಬಿಟ್ರೆ ಇದ್ದ ಅಕ್ಕಿ ಯಾರಿಗ್ ಸಾಕ್? ನಿಮ್ಗ್ ಒಂಬತ್ ವರ್ಷ ಅನ್ನ ಹಾಕಿದ್ದ್ ನಾವ್."

"ನಮ್ಗ್ ಅನ್ನ ಹಾಕಿದ್ರಿ. ನಮ್ಮಜ್ಜಿಗೆ ಬಾಗಿಲ್ ಹಾಕಿದ್ರಿ."

ಅವಳು ನೆಲಕ್ಕೆ ಬಾಗಿ ಕೂಗಿದಳು. ಒಂಬತ್ತು ವರ್ಷದಲ್ಲಿ ಅಷ್ಟು ಜೋರಾಗಿ ಅವಳು ಯಾವತ್ತೂ ಕರೆದಿರಲಿಲ್ಲ. ಗದ್ದೆಯ ಅಂಚು ಬಿರಿಯಿತು. ಕೆಸರಿನ ವಾಸನೆಯೊಡನೆ ತೆಂಗಿನ ಮರದೆತ್ತರದ ಕಪ್ಪು ದೆವ್ವವೊಂದು ಎದ್ದು ನಿಂತು ತಲೆ ಬಗ್ಗಿಸಿತು.

"ಬ್ಯಾಡ ಹೆಣ್ಣೇ! ಇದ್ದ ಕಿವಿಯೂ ಹೋತ್!" ಎಂದು ಚೆನ್ನಯ್ಯನವರು ಅವಳ ರಟ್ಟೆ ಹಿಡಿದರು. ಅವಳು ಕೊಡವಿಕೊಂಡು ದೆವ್ವದ ಕಿವಿಗೆ ಬಾಯಿಟ್ಟಳು. "ಎಲ್ಲ ತಕೊ. ಈ ಗೋಡೆ ಕೆಡವು."

ಮೊದಲ ಕಲ್ಲುಗಳು ಬಿದ್ದ ಸದ್ದು ಅವಳಿಗೆ ಕೇಳಿಸಿತು. ಆಮೇಲೆ ಏನೂ ಇಲ್ಲ. ಕೆಂಪು ದೂಳು ಎದ್ದಿತು, ಚೆನ್ನಯ್ಯನವರ ಬಾಯಿ ತೆರೆದು ಮುಚ್ಚಿತು, ಜನ ಕಲ್ಲುರಾಶಿ ಹತ್ತಿ ಬಂದರು. ಸುಂದರಿ ಮೊಮ್ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಏನೇನೋ ಹೇಳಿದಳು. ಒಂಬತ್ತು ವರ್ಷ ಕಾದ ಮಾತು. ಅದರಲ್ಲಿ ಒಂದಕ್ಷರವೂ ಸಿಗದೆ ಪೂಜಿತಾ ಸಿಟ್ಟಿನಿಂದ ಅತ್ತಳು.

ವಿದ್ಯಾಲಯದ ಮಕ್ಕಳು ಮತ್ತೆ ದೆವ್ವ ಕರೆಯಲಿಲ್ಲ. ಗುಡ್ಡದ ಕಣಜಗಳು ತೆರೆದವು. ಮಾಸ್ತರರ ಮನೆಯವರು ಹೆದರಿಯೇ ತೆರೆದರು. ಬಿದ್ದ ಕಲ್ಲುಗಳನ್ನು ಜನ ತಲೆಯ ಮೇಲೆ ಹೊತ್ತು ಕೋಡಿಗೆ ಸಾಗಿಸತೊಡಗಿದರು. ಹೊರುವವರಿಗೆಲ್ಲ ಸುಂದರಿ ಹಳೆ ಸೀರೆ ಹರಿದು ಸಿಂಬೆ ಸುತ್ತಿ ಕೊಡುತ್ತಿದ್ದಳು.

ಹದಿನೈದನೆಯ ದಿನ ಚೆನ್ನಯ್ಯನವರೂ ಬಂದು ಸಾಲಿನಲ್ಲಿ ನಿಂತರು. ಸುಂದರಿ ಅವರ ತಲೆಗೂ ಒಂದು ಸಿಂಬೆ ಇಟ್ಟಳು. ಪೂಜಿತಾ ಹೋಗಿ ಅದನ್ನು ಕಿತ್ತುಕೊಂಡಳು. ಅಜ್ಜಿ ಕೈಬೀಸಿ ಗದರಿದಳು. ದೀಕ್ಷಾ ಕೂಡ ಹಾಗೆ ಮಾಡಬೇಡವೆಂದು ತಲೆಯಾಡಿಸಿದಳು. ಪೂಜಿತಾ ಕೊಡಲಿಲ್ಲ. ಚೆನ್ನಯ್ಯನವರು ಬರಿ ತಲೆಯ ಮೇಲೆಯೇ ಕಲ್ಲು ಹೊತ್ತು ಹೊರಟರು. ಅವಳು ತನ್ನ ಕಲ್ಲು ಹೊತ್ತುಕೊಂಡು, ಅವರು ದಾರಿಯಲ್ಲಿ ಎಲ್ಲೂ ಇಳಿಸದಂತೆ ನೋಡಿಕೊಳ್ಳುತ್ತಾ, ಕೋಡಿಯವರೆಗೂ ಅವರ ಹಿಂದೆಯೇ ನಡೆದಳು.