ಹದಿನೆಂಟನೇ ಹಲಗೆ

ಫೆಬ್ರುವರಿ ಇಪ್ಪತ್ತಾರರ ಬೆಳಿಗ್ಗೆ ಅಪ್ಪ ಪಿಕಪ್ಪಿನ ಬಾಗಿಲು ತೆರೆದು, ಒಂದು ಕಾಲೆತ್ತಿ, ಅರ್ಧಕ್ಕೇ ಇಳಿಸಿಬಿಟ್ಟರು.

"ಆಗ್ತಿಲ್ಲ ಮಗಳೇ. ಮೊಣಕಾಲು ಮಾತೇ ಕೇಳ್ತಿಲ್ಲ."

ಪಿಕಪ್ಪಿಗೆ ನಲವತ್ತೇಳು ವರ್ಷ. ಅಪ್ಪ ಬಡಗಿ, ತಾವು ಮಾಡಿದ ಬೀರು, ಮಂಚಗಳನ್ನು ಅದರಲ್ಲೇ ಹೇರಿಕೊಂಡು ಮನೆಮನೆಗೆ ಮುಟ್ಟಿಸಿದವರು. ಮಗಳಿಗೆ ಹದಿನಾರು ತುಂಬಿದಾಗ ಗೇರು ಹಾಕುವುದನ್ನು ಕಲಿಸಿದ್ದೂ ಅದರಲ್ಲೇ. ಅವಳೀಗ ಬಸ್ ಡಿಪೋದಲ್ಲಿ ಫಿಟರ್, ಹತ್ತೊಂಬತ್ತು ವರ್ಷದ ಸರ್ವಿಸು. ಕೆಲಸಕ್ಕೆ ಸೇರಿದ ಮೊದಲ ವರ್ಷ ಅಪ್ಪ ಪ್ರತಿ ಸಂಜೆ ಡಿಪೋ ಗೇಟಿಗೆ ಪಿಕಪ್ ತಂದು ನಿಲ್ಲಿಸಿ ಎರಡು ಸಲ ಹಾರ್ನ್ ಹೊಡೆಯುತ್ತಿದ್ದರು. ಅರವತ್ತು ಗಂಡಸರ ನಡುವೆ ಒಬ್ಬಳೇ ಹೆಂಗಸಾಗಿದ್ದ ಅವಳಿಗೆ ಆ ಸದ್ದು ಎಷ್ಟು ಧೈರ್ಯ ಕೊಡುತ್ತಿತ್ತೆಂದು ಅವಳು ಯಾರಿಗೂ ಹೇಳಿರಲಿಲ್ಲ. ಅಪ್ಪ ಮತ್ತೆ ಆ ಸೀಟಿನಲ್ಲಿ ಕೂತು ಗಾಡಿ ಓಡಿಸಬೇಕು. ಅವಳಿಗೆ ಬೇಕಾಗಿದ್ದು ಇಷ್ಟೇ.

"ಫುಟ್‌ಬೋರ್ಡ್ ಹಾಕಿಕೊಡ್ತೀನಿ ಬಿಡು. ಅರ್ಧ ದಿನದ ಕೆಲಸ," ಎಂದಳು.

"ಮೆಟ್ಟಿಲು ಹತ್ತಿ ಗಾಡಿ ಏರೋಕೆ ನಾನೇನು ಮಹಾರಾಜನಾ? ಜನ ನಗ್ತಾರೆ. ಗಾಡೀನೇ ಸ್ವಲ್ಪ ತಗ್ಗಿಸೋಕೆ ಆಗಲ್ವಾ?"

"ಹೌದಕ್ಕ, ಈಗ ಎಲ್ಲರೂ ತಗ್ಗಿಸ್ತಾರೆ," ಎಂದ ಪಕ್ಕದಲ್ಲಿದ್ದ ತಮ್ಮ. ಅವನದು ಕಾರಿನ ಸೀಟ್ ಕವರ್, ಸ್ಪೀಕರ್ ಮಾರುವ ಅಂಗಡಿ. ಅಪ್ಪ ಇರುವುದು ಅವನ ಮನೆಯಲ್ಲೇ. "ಸ್ಪ್ರಿಂಗು, ಬೋಲ್ಟು ಏನು ಬೇಕೋ ನಾನು ತರಿಸ್ತೀನಿ. ಕೆಲಸ ಮಾತ್ರ ನಿಂದು. ನನಗೆ ಸ್ಪ್ಯಾನರ್ ಯಾವ ಕಡೆ ಹಿಡೀಬೇಕು ಅಂತಾನೂ ಗೊತ್ತಿಲ್ಲ."

"ಅದು ಊರಿಗೇ ಗೊತ್ತಿದೆ," ಎಂದಳು ಅಕ್ಕ.

ಡಿಪೋದಲ್ಲಿ ಒಂದು ಪದ್ಧತಿಯಿದೆ. ಬಸ್ಸು ಒಳಗೆ ಬಂದಾಗ ಚಾಲಕ ಜಾಬ್ ಕಾರ್ಡಿನಲ್ಲಿ ತನ್ನ ಮಾತಿನಲ್ಲೇ ದೂರು ಬರೆದು ಸಹಿ ಹಾಕುತ್ತಾನೆ. ಫಿಟರ್ ಆ ದೂರನ್ನು ಪ್ರಶ್ನಿಸುವುದಿಲ್ಲ. ದಿನಕ್ಕೆ ಎಂಟು ಗಂಟೆ ಸ್ಟಿಯರಿಂಗ್ ಹಿಡಿದವನಿಗೆ ತಿಳಿದದ್ದು ಗಾಡಿಯ ಕೆಳಗೆ ಮಲಗಿದವನಿಗೆ ತಿಳಿಯುವುದಿಲ್ಲ ಎಂಬ ನಂಬಿಕೆ. ಅವಳು ಚೀಲದಿಂದ ಒಂದು ಖಾಲಿ ಕಾರ್ಡು ತೆಗೆದು ಅಪ್ಪನ ಮುಂದೆ ಹಿಡಿದಳು. ಅಪ್ಪ ನಗುತ್ತಲೇ "ಹತ್ತಲು ಆಗುತ್ತಿಲ್ಲ" ಎಂದು ಬರೆದು ಸಹಿ ಮಾಡಿದರು.

ಎಷ್ಟು ತಗ್ಗಿಸಬೇಕು? ಅಂದಾಜಿನ ಮೇಲೆ ಕೈ ಹಾಕುವವಳಲ್ಲ ಅವಳು. ನೆಲದಿಂದ ಬಾಗಿಲಿನ ಹೊಸ್ತಿಲಿಗೆ ಟೇಪು ಹಿಡಿದಳು: ಇಪ್ಪತ್ತೆರಡು ಇಂಚು. ಅಪ್ಪನ ಶೆಡ್ಡಿನಿಂದ ಒಂದೊಂದು ಇಂಚು ದಪ್ಪದ ಹಲಗೆ ತುಂಡುಗಳನ್ನು ತಂದು ಗೋಡೆ ಪಕ್ಕ ಪೇರಿಸಿದಳು. ಹತ್ತು ಹಲಗೆಯ ಮೇಲೆ ಅಪ್ಪ ಸಲೀಸಾಗಿ ಕಾಲಿಟ್ಟರು. ಹದಿನೈದಕ್ಕೂ ಇಟ್ಟರು. ಹದಿನೆಂಟಕ್ಕೆ ಗೋಡೆ ಹಿಡಿಯಬೇಕಾಯಿತು. ಹತ್ತೊಂಬತ್ತನೆಯದು ಇಟ್ಟಾಗ ಪಾದ ಅಂಚಿಗೆ ತಾಗಿ ಜಾರಿತು. ಅಪ್ಪ ಮುಖ ಕಿವುಚಿ "ಅಯ್ಯೋ" ಎಂದರು.

ಇಪ್ಪತ್ತೆರಡರಲ್ಲಿ ಹದಿನೆಂಟು ಹೋದರೆ ನಾಲ್ಕು.

"ಎರಡು ಇಂಚಾಗಿದ್ರೆ ಸುಲಭ ಇತ್ತು," ಎಂದಳು. "ಹಿಂದೆ ಭಾರ ಹೊರೋ ಕಮಾನು ಪಟ್ಟಿಗಳ ಕೆಳಗೆ ಎರಡಿಂಚಿನ ಕಬ್ಬಿಣದ ತುಂಡು ಇದೆ, ಅದನ್ನ ತೆಗೆದ್ರೆ ಆಯ್ತು. ಬೇಡ ಅಂದ್ರೆ ನಾಳೆ ಮತ್ತೆ ಹಾಕಬಹುದು. ನಾಲ್ಕು ಅಂದ್ರೆ ಚಾಸಿಸ್ ಕತ್ತರಿಸ್ಬೇಕು. ಕತ್ತರಿಸಿದ್ಮೇಲೆ ಮುಗೀತು. ಬೀರು-ಗೀರು ಹೊರಲ್ಲ ಈ ಗಾಡಿ."

"ಇನ್ನು ಬೀರು ಎಲ್ಲಿ? ನನ್ನ ಹೊತ್ರೆ ಸಾಕು," ಎಂದರು ಅಪ್ಪ.

ಕೆಲಸ ಐದು ಭಾನುವಾರ ಹಿಡಿಯಿತು. ತಮ್ಮನ ಮನೆಯ ಅಂಗಳದಲ್ಲಿ ನಾಲ್ಕೂ ಮೂಲೆಗೆ ಸ್ಟ್ಯಾಂಡ್ ಕೊಟ್ಟು ಪಿಕಪ್ಪನ್ನು ಎತ್ತಿದಳು. ಮುಂದಿನ ಸುರುಳಿ ಸ್ಪ್ರಿಂಗುಗಳನ್ನು ಉದ್ದನೆಯ ತಿರುಪಿನಿಂದ ಒತ್ತಿ ಹಿಡಿದು, ಇಂಚಿಂಚಾಗಿ ಹೊರತೆಗೆದಳು. ಒತ್ತಿದ ಸ್ಪ್ರಿಂಗು ಜಾರಿದರೆ ಕೈ ಉಳಿಯುವುದಿಲ್ಲ. ಆ ಹೊತ್ತಿನಲ್ಲಿ ಯಾರೂ ಮಾತಾಡಿಸಬಾರದೆಂದು ಹೇಳಿದ್ದಳು; ತಮ್ಮನಿಗೆ ಮಾತ್ರ ಅದು ಕಷ್ಟವಾಯಿತು. ಹೊಸ ಗಿಡ್ಡ ಸ್ಪ್ರಿಂಗುಗಳು ಕೂತ ಮೇಲೆ ಹಿಂದಕ್ಕೆ ಬಂದಳು. ಅಲ್ಲಿ ಆಕ್ಸಲ್ಲು ಕಮಾನು ಪಟ್ಟಿಗಳ ಕೆಳಗೆ ಇತ್ತು. ಅದನ್ನು ಬಿಚ್ಚಿ ಪಟ್ಟಿಗಳ ಮೇಲಕ್ಕೆ ಕೂರಿಸಿದರೆ ಗಾಡಿಯ ಹಿಂಭಾಗ ಐದಿಂಚು ಇಳಿಯುತ್ತದೆ. ಆದರೆ ಹಾಗೆ ಕೂತ ಆಕ್ಸಲ್ಲು ಪ್ರತಿ ಗುಂಡಿಗೂ ಮೇಲಿನ ಚಾಸಿಸ್ ತೊಲೆಗೆ ಬಡಿಯುತ್ತದೆ. ಅದಕ್ಕೆ ಜಾಗ ಬೇಕೆಂದರೆ ಎರಡೂ ತೊಲೆಗಳಲ್ಲಿ ಅರ್ಧಚಂದ್ರದಷ್ಟು ಕತ್ತರಿಸಿ ತೆಗೆದು, ದಪ್ಪ ಪ್ಲೇಟು ಬೆಸೆಯಬೇಕು.

ಅದಕ್ಕೆ ನಾಲ್ಕನೇ ಭಾನುವಾರ ಡಿಪೋದ ವೆಲ್ಡರ್ ಬಂದ. ನಿವೃತ್ತಿಗೆ ಎರಡು ವರ್ಷ ಉಳಿದ ಮನುಷ್ಯ. ತೊಲೆಗೆ ಸುತ್ತಿಗೆಯಿಂದ ಒಮ್ಮೆ ತಟ್ಟಿ, ಕಿವಿಗೊಟ್ಟು ಕೇಳಿದ.

"ತಾಯಿ, ಎಂಥ ಕಬ್ಬಿಣ ಇದು! ಈಗಿನ ಗಾಡಿಗಳ ತಗಡು ನೋಡಿದ್ರೆ ಅಳು ಬರುತ್ತೆ. ಇದನ್ನ ಕತ್ತರಿಸು ಅಂತೀಯಲ್ಲ. ಇನ್ನೊಂದ್ಸಲ ಯೋಚನೆ ಮಾಡು."

ಅವಳು ಅಪ್ಪನ ಕಡೆ ತಿರುಗಿದಳು. "ಅಪ್ಪ, ಏನು ಹೇಳ್ತೀಯ?"

ಅಪ್ಪ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದರು. ಲೋಟದೊಳಗೆ ಏನೋ ಬಿದ್ದಿರುವಂತೆ ನೋಡುತ್ತ "ಕತ್ತರಿಸಲಿ," ಎಂದರು.

ಕಿಡಿ ಹಾರತೊಡಗಿತು. ತಮ್ಮ ಫೋನ್ ಹಿಡಿದು ಫೋಟೋ ತೆಗೆಯುತ್ತ ಸುತ್ತು ಹಾಕಿದ. "ಅಕ್ಕ, ಸ್ವಲ್ಪ ಆ ಕಡೆ ಸರಿ. ನಿನ್ನ ಕಾಲು ಬರ್ತಿದೆ ಫೋಟೋದಲ್ಲಿ."

"ಬರ್ಲಿ ಬಿಡಪ್ಪ," ಎಂದ ವೆಲ್ಡರ್. "ಕೆಲಸ ಮಾಡ್ತಿರೋ ಕಾಲು ಅದೊಂದೇ."

ಐದನೇ ಭಾನುವಾರ ಗಾಡಿಯನ್ನು ನೆಲಕ್ಕಿಳಿಸಿ ಟೇಪು ಹಿಡಿದಾಗ ಹೊಸ್ತಿಲು ಹದಿನೇಳು ಮುಕ್ಕಾಲು ಇಂಚಿನಲ್ಲಿತ್ತು. ಹಿಂದಿನ ಬ್ರೇಕ್ ಪೈಪು ಬದಲಿಸುವುದೊಂದು ಬಾಕಿ. ಅಪ್ಪ ಬಾಗಿಲು ತೆರೆದು, ಏನನ್ನೂ ಹಿಡಿಯದೆ ಹತ್ತಿ ಕೂತು, ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟರು. ಅವಳು ಗ್ರೀಸ್ ಕೈಯನ್ನು ಬಟ್ಟೆಗೆ ಒರೆಸುತ್ತ ಅಲ್ಲೇ ನಿಂತು ನೋಡಿದಳು.

"ಯಾವಾಗಿಂದ ಓಡಿಸಬಹುದು?" ಎಂಬ ಪ್ರಶ್ನೆ ಬಂತು. ಕೇಳಿದ್ದು ತಮ್ಮ.

ಚಾಸಿಸ್ ಕತ್ತರಿಸಿದ ಗಾಡಿಯನ್ನು ತಪಾಸಣೆ ಮಾಡಿಸದೆ ರಸ್ತೆಗೆ ಬಿಡುವಂತಿಲ್ಲ. ಡಿಪೋಗೆ ಒಂದು ದಿನ ರಜೆ ಹಾಕಿ ಅವಳು ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ವಾಹನ ನೋಂದಣಿ ಕಚೇರಿಗೆ ಹೋದಳು. ಮೊದಲನೇ ಮಹಡಿ, ಲಿಫ್ಟ್ ಇಲ್ಲ.

"ಮಾಲೀಕರು ಬಂದಿಲ್ವಾ?" ಎಂದ ಗುಮಾಸ್ತ.

"ಇಲ್ಲ ಸರ್. ನಮ್ಮ ತಂದೆ. ಮೊಣಕಾಲು ನೋವು."

ಗುಮಾಸ್ತ ಪರದೆ ನೋಡಿದ, ಅವಳನ್ನು ನೋಡಿದ, ಮತ್ತೆ ಪರದೆ ನೋಡಿದ. "ನಿಮ್ಮ ತಂದೆಗೆ ಮೂವತ್ತೆಂಟು ವರ್ಷನಾ ಮೇಡಮ್?"

ಅವಳಿಗೇ ನಲವತ್ತಮೂರು. ಮೂವತ್ತೆಂಟು ಅವಳ ತಮ್ಮನಿಗೆ.

"ಹೆಸರು ಯಾವತ್ತು ಬದಲಾಗಿದೆ?" ಎಂದು ಕೇಳಿದಳು.

"ಫೆಬ್ರುವರಿ ಒಂಬತ್ತು. ಹಳೇ ಮಾಲೀಕರೇ ಬಂದು ಸಹಿ ಹಾಕಿದ್ದಾರೆ. ಖುದ್ದಾಗಿ ಬರಲೇಬೇಕು, ಇಲ್ಲಾಂದ್ರೆ ನಾವು ಮಾಡಲ್ಲ."

ಇಳಿಯುವಾಗ ಅವಳು ಮೆಟ್ಟಿಲು ಎಣಿಸಿದಳು. ಇಪ್ಪತ್ನಾಲ್ಕು. ಒಂದೊಂದೂ ಏಳಿಂಚಿರಬಹುದು, ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದು ತನಗೇ ಹೇಳಿಕೊಂಡಳು. ಆದರೆ ದಿನಾಂಕಕ್ಕೆ ಬೇರೆ ಅರ್ಥ ಹುಡುಕಲು ಆಗಲಿಲ್ಲ. ಅಪ್ಪ ಪಿಕಪ್ಪಿನ ಬಾಗಿಲಲ್ಲಿ ಕಾಲೆತ್ತಿ ಇಳಿಸಿದ್ದಕ್ಕೆ ಹದಿನೇಳು ದಿನ ಮೊದಲೇ ಆ ಗಾಡಿ ತಮ್ಮನದಾಗಿತ್ತು.

ಅಪ್ಪ ಶೆಡ್ಡಿನಲ್ಲಿ ಒಂದು ಸ್ಟೂಲಿನ ಕಾಲಿಗೆ ಉಪ್ಪುಕಾಗದ ಉಜ್ಜುತ್ತಿದ್ದರು. ಅವಳು ಜಾಬ್ ಕಾರ್ಡನ್ನು ಬೆಂಚಿನ ಮೇಲಿಟ್ಟಳು.

"ಈ ಸಹಿ ಯಾರದು?"

"ನಂದೇ. ಯಾಕೆ?"

"ಫೆಬ್ರುವರಿ ಒಂಬತ್ತರ ಸಹಿ?"

ಉಜ್ಜುತ್ತಿದ್ದ ಕೈ ನಿಂತಿತು. ಅಪ್ಪ ಬಾಗಿಲ ಕಡೆ ನೋಡಿದರು, ಅಲ್ಲಿ ಯಾರೂ ಇರಲಿಲ್ಲ.

"ಅವನು ಕೇಳಿದ. ಅಂಗಡಿ ಮುಂದೆ ನಿಲ್ಲಿಸ್ತಾನಂತೆ. ಹಳೇ ಗಾಡಿ ನೆಲಕ್ಕೆ ಹತ್ತಿರ ಕೂತಿದ್ರೆ ಜನ ನಿಂತು ನೋಡ್ತಾರಂತೆ. ಪ್ರದರ್ಶನಕ್ಕೆ ಬೇರೆ ಒಯ್ತಾನಂತೆ."

"ನೀನು ಓಡಿಸೋದು?"

"ನನ್ನ ಲೈಸೆನ್ಸ್ ಹೋದ ವರ್ಷವೇ ಮುಗೀತು. ಕಣ್ಣಿನ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಹೇಳಿದ್ರೆ ನೀನು ಬೇಜಾರು ಮಾಡ್ಕೋತೀಯ ಅಂತ…"

"ಹಲಗೆ?"

ಅಪ್ಪ ಉಪ್ಪುಕಾಗದವನ್ನು ಎರಡಾಗಿ ಮಡಿಸಿದರು.

"ಅಪ್ಪ, ಹಲಗೆ?"

"ಹದಿನೆಂಟಕ್ಕೆ ನಿಲ್ಲಿಸು ಅಂದಿದ್ದ."

"ನಿಲ್ಲಿಸದೇ ಇದ್ದಿದ್ರೆ?"

"ಇಪ್ಪತ್ತೊಂದೂ ಆಗ್ತಿತ್ತೇನೋ. ನೋವು ಸುಳ್ಳಲ್ಲ ಮಗಳೇ. ನೋವಿದೆ. ಅಷ್ಟಿಲ್ಲ, ಅಷ್ಟೇ."

ತಮ್ಮ ಊಟಕ್ಕೆ ಬಂದವನು ಶೆಡ್ಡಿನ ಬಾಗಿಲಲ್ಲೇ ನಿಂತ. ಇಬ್ಬರ ಮುಖ ನೋಡಿದೊಡನೆ ಅವನಿಗೆ ವಿಷಯ ತಿಳಿಯಿತು.

"ಅಪ್ಪ ಇಷ್ಟಪಟ್ಟು ಕೊಟ್ಟಿದ್ದು. ನಾನೇನು ಕದ್ದೆನಾ?"

"ನನ್ನ ಕೇಳಬಹುದಿತ್ತು."

"ಕೇಳಿದ್ರೆ? ನನ್ನ ಅಂಗಡಿ ಶೋಕಿಗೆ ನೀನು ಆ ಚಾಸಿಸ್ಸಿಗೆ ಬ್ಲೇಡ್ ಹಾಕ್ತಿದ್ಯಾ? ಎದೆ ಮುಟ್ಟಿ ಹೇಳಕ್ಕ."

ಹಾಕುತ್ತಿರಲಿಲ್ಲ. ತಮ್ಮ ಅವಳನ್ನು ಸರಿಯಾಗಿಯೇ ಅಳೆದಿದ್ದ. ಅವನು ಚಿಕ್ಕಂದಿನಿಂದಲೂ ಮೂಗಿಗೆ ತುಪ್ಪ ಸವರುವವನೇ, ಅದು ಹೊಸದಲ್ಲ. ಅವಳು ಅಪ್ಪನ ಕಡೆಗೇ ತಿರುಗಿದಳು.

"ಇವನು ಕೇಳಿದ, ಸರಿ. ನೀವು ಯಾಕೆ ಒಪ್ಪಿದ್ರಿ?"

"ಏನಿದು, ನೀವು-ಗೀವು?"

ಅವಳು ಬೆಂಚಿನ ಮೇಲಿನ ಕಾರ್ಡನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು.

"ಇವನ ಮನೇಲಿ ಇರೋನು ನಾನು," ಎಂದರು ಅಪ್ಪ ಮೆಲ್ಲಗೆ. "ದಿನಾ ಅದೇ ಮಾತು, ದಿನಾ ಅದೇ ಮಾತು. ಆಮೇಲೆ ನೀನೂ ಐದು ಭಾನುವಾರ ಬಂದೆ. ಅದಕ್ಕೆ ಮುಂಚೆ ಯಾವಾಗ ಬಂದಿದ್ದೆ, ನೀನೇ ಹೇಳು."

ಹೊಸ ವರ್ಷಕ್ಕೆ ಬಂದಿದ್ದಳು, ಒಂದು ಗಂಟೆ. ಅದು ಅವಳಿಗೆ ನೆನಪಿತ್ತು. ಆದರೆ ಅದನ್ನು ಈಗ ತನ್ನ ಮುಂದಿಡುವ ಹಕ್ಕು ಅಪ್ಪನಿಗಿದೆಯೇ ಎಂದು ಅವಳಿಗೆ ತಿಳಿಯಲಿಲ್ಲ. ಕರೆದಿದ್ದರೆ ಬರುತ್ತಿದ್ದಳು. ಮೊಣಕಾಲಿನ ನೆಪ ಬೇಕಿರಲಿಲ್ಲ.

ಬ್ರೇಕ್ ಪೈಪು ಬಿಚ್ಚಿದ್ದ ಗಾಡಿಯನ್ನು ಹಾಗೇ ಬಿಟ್ಟುಹೋಗಲು ಕೈ ಬರಲಿಲ್ಲ. ತಮ್ಮ ಹೇಗೂ ಓಡಿಸುತ್ತಾನೆ. ಎದುರಿಗೆ ಬರುವವರು ಏನು ತಪ್ಪು ಮಾಡಿದ್ದಾರೆ? ಅವಳು ಅಂಗಳಕ್ಕೆ ಹೋಗಿ ಗಾಡಿಯ ಕೆಳಗೆ ಮಲಗಿದಳು. ಹೊಸ ಪೈಪು ಹಾಕಿ, ಒಳಗಿನ ಗಾಳಿ ತೆಗೆದು, ಪ್ರತಿ ಬೋಲ್ಟನ್ನೂ ಅಳತೆಯ ಸ್ಪ್ಯಾನರಿನಿಂದ ಬಿಗಿದು ಬಿಳಿ ಬಣ್ಣದ ಗುರುತು ಹಾಕಿದಳು. ಎದ್ದು ಬಂದು ಬೀಗದಕೈಯನ್ನು ಬಾನೆಟ್ಟಿನ ಮೇಲಿಟ್ಟಳು.

"ತಪಾಸಣೆಗೆ ನೀನೇ ತಗೊಂಡು ಹೋಗು, ಮಾಲೀಕ ನೀನು. ನೂರು ಕಿಲೋಮೀಟರ್ ಆದ್ಮೇಲೆ ಆಕ್ಸಲ್ ಬೋಲ್ಟು ಮತ್ತೆ ಬಿಗಿಸ್ಬೇಕು. ಬೇರೆ ಯಾರ ಹತ್ರನಾದ್ರೂ ಮಾಡಿಸ್ಕೋ."

"ಅಕ್ಕ, ಅಷ್ಟು ದೊಡ್ಡದು ಮಾಡ್ಬೇಡ. ಬಾ, ಮೂರೂ ಜನ ಒಂದು ರೌಂಡ್ ಹೋಗಿ ಬರೋಣ."

ಅವಳು ಆಗಲೇ ಗೇಟು ದಾಟಿದ್ದಳು.

ಜೂನ್ ಮೊದಲ ವಾರದಲ್ಲಿ ಅಪ್ಪ ಫೋನ್ ಮಾಡಿದರು. ಬಚ್ಚಲಿನಲ್ಲಿ ಕಾಲು ಜಾರುತ್ತಿದೆ, ಹಿಡಿದುಕೊಳ್ಳಲು ಗೋಡೆಗೊಂದು ಹಿಡಿ ಹಾಕಿಕೊಡಬೇಕು ಎಂದರು.

"ಯಾರಿಗೆ?" ಎಂದಳು.

"ಯಾರಿಗೆ ಅಂದ್ರೆ? ನನಗೇ."

ಆ ಭಾನುವಾರ ಡ್ರಿಲ್ಲು ತೆಗೆದುಕೊಂಡು ಹೋದಳು. ತಿರುವಿನಲ್ಲಿ ಅಪ್ಪ ಪತ್ರಿಕೆ ಹಿಡಿದು ಎದುರಿನಿಂದ ಬರುತ್ತಿದ್ದರು. ಅಷ್ಟು ದೂರಕ್ಕೆ ಅವರಿಗೆ ಅವಳ ಗುರುತು ಹತ್ತಲಿಲ್ಲ. ಅವಳು ಕೂಗಲಿಲ್ಲ. ನಿಂತಿದ್ದ ಒಂದು ವ್ಯಾನಿನ ಮರೆಗೆ ಸರಿದು ನೋಡಿದಳು. ಮನೆ ಮುಂದೆ ಮೂರು ಮೆಟ್ಟಿಲು. ಅಪ್ಪ ಒಂದು ಕಾಲಿಟ್ಟು, ಇನ್ನೊಂದನ್ನೂ ಅದೇ ಮೆಟ್ಟಿಲಿಗೆ ಎಳೆದುಕೊಂಡು, ಎರಡನೆಯದರಲ್ಲಿ ಗೋಡೆ ಹಿಡಿದು ನಿಂತರು. ರಸ್ತೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಾಗಿಲು ಮುಚ್ಚುವವರೆಗೆ ಕಾದು ಅವಳು ಹೋಗಿ ಕರೆಗಂಟೆ ಒತ್ತಿದಳು.

ಬಚ್ಚಲಿನಲ್ಲಿ ಅಪ್ಪ ಗೋಡೆಗೆ ಬೆನ್ನು ಕೊಟ್ಟು ನಿಂತು, ಅಳತೆಗೆಂದು ತೋಳು ಚಾಚಿದರು. ಅವಳು ಹಿಡಿಯ ಪೊಟ್ಟಣದ ಮೇಲೆ ಅಚ್ಚಾಗಿದ್ದ ಸೂಚನೆ ಓದಿ, ಪೆನ್ಸಿಲಿನಿಂದ ಗೋಡೆಯ ಮೇಲೆ ಎರಡು ಚುಕ್ಕೆ ಇಟ್ಟಳು.

"ನನ್ನ ಕೈ ಅಳತೆ ತಗೊಳ್ಳಲ್ವಾ?"

"ಬೇಡ," ಎಂದಳು. "ಎಷ್ಟು ಎತ್ತರ ಅಂತ ಇದರಲ್ಲೇ ಬರೆದಿದ್ದಾರೆ. ಸ್ವಲ್ಪ ಆಚೆ ನಿಂತ್ಕೊಳ್ಳಿ, ಧೂಳು ಬರುತ್ತೆ."