ಬಾಳೆನಾರಿನ ಹೊದಿಕೆ

ನನ್ನ ಅತ್ತೆ ಕೊನ್ಸುವೆಲೊ ಕ್ರಿಸ್‌ಮಸ್ ಉಡುಗೊರೆಗಳ ಕಾಗದವನ್ನು ಹರಿಯದಂತೆ ಬಿಚ್ಚಿ, ಮಡಿಸಿ, ಹಾಸಿಗೆಯಡಿ ಎತ್ತಿಡುತ್ತಾರೆ. ನಾನು ಸುತ್ತಿ ಕೊಟ್ಟದ್ದನ್ನು ಮಾತ್ರ ಪ್ರತಿ ವರ್ಷವೂ ಪರ್ರನೆ ಹರಿದುಬಿಡುತ್ತಿದ್ದರು.

ಈ ಸಲ ನಾನು ಕಾಗದವನ್ನೇ ಬಿಟ್ಟೆ. ಬಿಕೋಲ್ ಪ್ರಾಂತ್ಯದ ನನ್ನ ತವರಿನಲ್ಲಿ ಬುಟ್ಟಿ ಹೆಣೆಯುವಂತೆ, ಬಣ್ಣ ಹಾಕಿದ ಬಾಳೆನಾರನ್ನು ಉಡುಗೊರೆಯ ಸುತ್ತ ನಕ್ಷತ್ರ ಮೂಡುವ ಹಾಗೆ ಹೆಣೆದೆ. ಬೆರಳುಗಳಲ್ಲಿ ಬೊಬ್ಬೆಗಳೆದ್ದವು.

ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ನಾದಿನಿ ಲೂರ್ದೆಸ್ ಕತ್ತರಿ ಚಾಚಿದಳು.

"ಆಚೆಗಿಡೆ ಅದನ್ನ. ಇದನ್ನ ಕತ್ತರಿಸೋಕೆ ಕೈ ಬರುತ್ತಾ?"

"ಒಳಗೇನಿದೆ ಅಂತ ನೋಡೋದು ಬೇಡ್ವಾ ಅಮ್ಮಾ?"

"ಸೋಪೇ ಇರುತ್ತೆ. ಇವಳು ಇನ್ನೇನು ತರ್ತಾಳೆ?"

ಹಾಗೆಂದವರೇ ಅದನ್ನು ಗಾಜಿನ ಬೀರುವಿನಲ್ಲಿ ಬಾಲಯೇಸುವಿನ ಮೂರ್ತಿಯ ಪಕ್ಕದಲ್ಲಿಟ್ಟು ಬೀಗ ಹಾಕಿದರು.

ಒಳಗಿದ್ದದ್ದು ಸೋಪೇ. ಹಬ್ಬದೂಟದಲ್ಲಿ ನಾನು ಮೊದಲ ಸಲ ಯಾರನ್ನೂ ಕೇಳದೆ ಹಂದಿಮಾಂಸದ ಹ್ಯಾಮಿನ ದೊಡ್ಡ ತುಂಡನ್ನು ಬಡಿಸಿಕೊಂಡೆ.