ಬೋರಯ್ಯನ ಮಗ ಉಮೇದುವಾರನಾದದ್ದು

ಚಿಕ್ಕನಂಜಮ್ಮ ಹಿದುಕಿದ ಅವರೆಬೇಳೆ ಬಟ್ಟಲಿಗೆ ಬೀಳದೆ ನೇರವಾಗಿ ನನ್ನ ಮೂಗಿಗೆ ಬಂದು ಬಡಿಯಿತು. ಅದರ ಹಿಂದೆಯೇ ಇನ್ನೊಂದು ಹಾರಿ ನೆರೆಮನೆಯ ಸಣ್ಣತಾಯಮ್ಮನ ಓಲೆಗೆ ತಾಗಿತು. ನೆನೆಸಿದ ಕಾಳನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಕೆಳಗೆ ಜಾರಬೇಕು. ಅವಳು ಯಾರದೋ ಕತ್ತು ಹಿಸುಕುವ ಹಾಗೆ ಒತ್ತುತ್ತಿದ್ದಳು.

“ಯಾರ ಮ್ಯಾಲವ್ವ ಇಷ್ಟು ಸಿಟ್ಟು?” ಎಂದು ಸಣ್ಣತಾಯಮ್ಮ ಕೇಳಿದಳು.

“ಇಬ್ರ ಮ್ಯಾಲೂವೆ. ಒಂದು ಕಾಳು ಅಪ್ಪಂದು, ಒಂದು ಕಾಳು ಮಗಂದು,” ಎಂದು ಚಿಕ್ಕನಂಜಮ್ಮ ಮತ್ತೊಂದನ್ನು ಹಿಸುಕಿದಳು. ನಾನು ತಲೆ ಬಗ್ಗಿಸಿದೆ.

ಅದು ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಡಿಸೆಂಬರು. ನಮ್ಮೂರು ಬೆಳಕವಾಡಿ. ಚಿಕ್ಕನಂಜಮ್ಮನ ಗಂಡ ಚಿಕ್ಕಬೋರಯ್ಯ ಕಬ್ಬು ಬೆಳೆದು ಬೆಲ್ಲ ಕಾಯಿಸುವವನು. ಅವನ ಬೆಲ್ಲಕ್ಕೆ ಮಳವಳ್ಳಿ ಸಂತೆಯಲ್ಲಿ ಒಳ್ಳೆಯ ಹೆಸರಿತ್ತು. ಮಗ ಲಿಂಗಯ್ಯ ಮೈಸೂರಿನಲ್ಲಿ ಇಂಟರ್ಮೀಡಿಯೆಟ್ ಓದುತ್ತಿದ್ದ, ರಜಕ್ಕೆ ಬಂದಿದ್ದ. ಬಂದ ದಿನ ಮುಖದಲ್ಲಿ ನಗೆ ತುಂಬಿತ್ತು. ಮಂಡ್ಯದಲ್ಲಿ ಕಬ್ಬಿನ ಹಾಲನ್ನು ಪರೀಕ್ಷೆ ಮಾಡುವ ಒಂದು ಪ್ರಯೋಗಶಾಲೆಯವರು ಬೇಸಿಗೆ ರಜದಲ್ಲಿ ಕೆಲವು ಕಾಲೇಜು ಹುಡುಗರನ್ನು ಜೊತೆಗಿಟ್ಟುಕೊಂಡು ಕೆಲಸ ಕಲಿಸುತ್ತೇವೆ ಎಂದಿದ್ದರಂತೆ. ಇವನ ಮೇಷ್ಟ್ರು ಇವನ ಹೆಸರನ್ನೇ ಬರೆದು ಕಳಿಸಿದ್ದರು. ಹುಡುಗ ಒಪ್ಪಿಗೆಯ ಕಾಗದ ಬರೆದು ಅದಕ್ಕೆ ತಂದೆಯ ರುಜು ಹಾಕಿಸಿ ಕಳಿಸಬೇಕು. ತಿಂಗಳು ಮುಗಿಯುವುದರೊಳಗೆ ಅದು ಮಂಡ್ಯ ಸೇರದಿದ್ದರೆ ಆ ಜಾಗ ಬೇರೆ ಹುಡುಗನಿಗೆ ಹೋಗುತ್ತದೆ.

ಲಿಂಗಯ್ಯ ಇದನ್ನೆಲ್ಲ ಬಿಡಿಸಿ ಹೇಳಿದ್ದರೆ ಕಥೆಯೇ ಇರುತ್ತಿರಲಿಲ್ಲ. ಅವನು ಅಪ್ಪನ ಮುಂದೆ ನಿಂತು, ತನ್ನನ್ನು ಉಮೇದುವಾರ ಅಂತ ತಗೊಂಡಿದ್ದಾರೆ, ನಿನ್ನ ರುಜು ಬೇಕು ಎಂದು ಚುಟುಕಾಗಿ ಹೇಳಿದ. ಬೋರಯ್ಯ ತಟ್ಟೆಯಲ್ಲಿದ್ದ ಮುದ್ದೆಯನ್ನು ಅಲ್ಲೇ ಬಿಟ್ಟು ಎದ್ದ.

“ಈ ಮನೇಲಿ ಒಬ್ಬ ಉಮೇದುವಾರ ಆಗಿದ್ದು ಸಾಕು ಕಣ್ಲಾ. ಇನ್ನೊಬ್ಬ ಬ್ಯಾಡ.”

ಆ ಒಬ್ಬ ಯಾರು ಅಂದರೆ ಬೋರಯ್ಯನ ತಮ್ಮ ತಿಮ್ಮಯ್ಯ. ಯುದ್ಧಕ್ಕೆ ಮೊದಲು ಅವನು ಪಂಚಾಯಿತಿಯ ಮೆಂಬರಾಗಬೇಕೆಂದು ಉಮೇದುವಾರನಾಗಿ ಓಟಿಗೆ ನಿಂತಿದ್ದ. ಊರಿಗೆಲ್ಲ ಬಾಡೂಟ ಹಾಕಿಸಿದ. ಊರು ಹೊಟ್ಟೆತುಂಬ ಉಂಡು ಎದುರಿನವನಿಗೆ ಓಟು ಕೊಟ್ಟಿತು. ಜೋಡಿ ಎತ್ತು ಹೋದವು, ಹೆಂಡತಿಯ ಕೊರಳಿನ ಅಡ್ಡಿಕೆ ಹೋಯಿತು. ತಿಮ್ಮಯ್ಯನಿಗೆ ಉಳಿದದ್ದು ಮೆಂಬರಾದ ದಿನ ಹಾಕಿಕೊಳ್ಳಲೆಂದು ಹೊಲಿಸಿದ್ದ ಕರಿಕೋಟು ಮಾತ್ರ. ಅದನ್ನು ಈಗ ಚಳಿಗೆ ಹಾಕಿಕೊಂಡು ಗದ್ದೆಗೆ ನೀರು ಕಟ್ಟಲು ಹೋಗುತ್ತಾನೆ. ಬೋರಯ್ಯನಿಗೆ ಉಮೇದುವಾರ ಎಂಬ ಮಾತು ಕಿವಿಗೆ ಬಿದ್ದರೆ ಆ ಕೋಟೇ ಕಣ್ಣಿಗೆ ಬರುತ್ತಿತ್ತು.

ಲಿಂಗಯ್ಯನಿಗೆ ಇದು ಹೊಳೆಯಲಿಲ್ಲ. ಅಪ್ಪನಿಗೆ ತಾನು ಮೇಲೆ ಬರುವುದು ಬೇಕಿಲ್ಲ ಎಂದುಕೊಂಡು ಮುಖ ತಿರುಗಿಸಿದ. ಹೀಗೆ ಅಪ್ಪ ಒಂದನ್ನು ಬೇಡವೆನ್ನುತ್ತಿದ್ದ, ಮಗ ಇನ್ನೊಂದನ್ನು ಬೇಕೆನ್ನುತ್ತಿದ್ದ. ಇಬ್ಬರೂ ಒಂದೇ ವಿಷಯಕ್ಕೆ ಜಗಳವಾಡುತ್ತಿದ್ದೇವೆಂದು ನಂಬಿದ್ದರು. ಚಿಕ್ಕನಂಜಮ್ಮ ಒಬ್ಬನಿಗೆ ನಡುಮನೆಯಲ್ಲಿ, ಇನ್ನೊಬ್ಬನಿಗೆ ಹಿತ್ತಿಲ ಬಾಗಿಲಲ್ಲಿ ತಟ್ಟೆ ಇಟ್ಟು ಇಟ್ಟು ಸೋತಿದ್ದಳು.

ಊರು ಸುಮ್ಮನಿರುತ್ತದೆಯೇ? ಬೋರಣ್ಣನ ಮಗ ಉಮೇದುವಾರನಂತೆ ಎಂದು ಕೇರಿಯೆಲ್ಲ ಹಬ್ಬಿತು. ನಾವು ಅವರೆ ಹಿದುಕುತ್ತಿದ್ದಾಗಲೇ ಪಕ್ಕದ ಬೀದಿಯ ಸಣ್ಣಯ್ಯ ಒಂದು ಕುಂಬಳಕಾಯಿ ಹೊತ್ತುಕೊಂಡು ಬಂದ. ಬೋರಯ್ಯ ಜಗಲಿಯ ಆ ತುದಿಯಲ್ಲಿ ಹಗ್ಗ ಹೊಸೆಯುತ್ತಿದ್ದ. ಸಣ್ಣಯ್ಯ ಕಾಯನ್ನು ಅವನ ಮುಂದಿಟ್ಟು, ತನ್ನ ಗದ್ದೆಯ ಮುಂದಿನ ತೂಬು ಕಿತ್ತುಹೋಗಿದೆ, ನಿಮ್ಮ ಹುಡುಗ ಗೆದ್ದ ಮೇಲೆ ಮೊದಲು ಅದನ್ನು ಮಾಡಿಸಿಕೊಡಬೇಕು ಎಂದು ವಿನಯದಿಂದ ಕೇಳಿದ. ಬೋರಯ್ಯ ಹಗ್ಗವನ್ನು ಬಿಗಿಯಾಗಿ ಹೊಸೆದ. ಸಣ್ಣಯ್ಯ ಇನ್ನಷ್ಟು ಹತ್ತಿರ ಸರಿದು ದನಿ ತಗ್ಗಿಸಿದ.

“ಅಲ್ಲ ಬೋರಣ್ಣ, ಈ ಸಲ ಊಟ ಓಟಿಗೆ ಮುಂಚ್ಲೋ, ಆಮ್ಯಾಕೋ? ತಿಮ್ಮಣ್ಣ ಮುಂಚ್ಲೇ ಆಕ್ಬುಟ್ಟ ನೋಡು, ಅದೇ ತಪ್ಪಾಗಿದ್ದು.”

ಬೋರಯ್ಯ ಕುಂಬಳಕಾಯಿಯನ್ನು ಎತ್ತಿ ಅವನ ತಲೆಯ ಮೇಲೆ ಇಟ್ಟು ಬೀದಿಗೆ ತಿರುಗಿಸಿ ನಿಲ್ಲಿಸಿದ. ಸಣ್ಣಯ್ಯ ಹಾಗೇ ಹೊರಟುಹೋದ.

ಅಷ್ಟರಲ್ಲಿ ಪಂಕಜಮ್ಮನವರು ಬಂದರು. ಅವರು ನಮ್ಮೂರ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ, ಮಂಡ್ಯದ ಗುತ್ತಲಿನವರು. ಹಗಲು ಹುಡುಗಿಯರಿಗೆ, ರಾತ್ರಿ ನಮ್ಮಂಥ ವಯಸ್ಸಾದವರಿಗೆ ಅಕ್ಷರ ಕಲಿಸುತ್ತಿದ್ದರು. ಕುಂಬಳಕಾಯಿ ಎದುರಿಗೆ ಬಂದದ್ದನ್ನು ನೋಡಿ ಏನು ಸಮಾಚಾರ ಎಂದು ಕೇಳಿದರು. ಚಿಕ್ಕನಂಜಮ್ಮ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು. ಪಂಕಜಮ್ಮನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಒಳಗಿದ್ದ ಲಿಂಗಯ್ಯನನ್ನೂ ಕರೆದು ಕೂರಿಸಿದರು.

“ಬೋರಯ್ಯನವರೇ, ಓಟಿಗೆ ನಿಲ್ಲೋನನ್ನೂ ಉಮೇದುವಾರ ಅಂತಾರೆ, ಕೆಲಸ ಕಲಿಯೋಕೆ ಕೂರೋನನ್ನೂ ಉಮೇದುವಾರ ಅಂತಾರೆ. ನಿಮ್ಮ ತಮ್ಮ ನಿಂತೋನು. ನಿಮ್ಮ ಮಗ ಕೂರೋನು.”

ಬೋರಯ್ಯನ ಕೈಯಲ್ಲಿ ಹಗ್ಗ ಹಾಗೇ ನಿಂತಿತು. ಮಗನ ಕಡೆ ತಿರುಗಿ, “ಅದ ಮೊದ್ಲೇ ಬುಡ್ಸಿ ಯೇಳಕ್ಕೆ ನಿನ್ಗೇನಾಗಿತ್ಲಾ?” ಎಂದ.

“ನೀನು ಕೇಳಕ್ಕೆ ಕೂತ್ಕಂಡಿದ್ಯಾ? ಮುದ್ದೆ ಬುಟ್ಟು ಎದ್ದೋದೆ,” ಎಂದ ಮಗ.

ಬೋರಯ್ಯ ಅಷ್ಟಕ್ಕೇ ಸೋಲುವವನಲ್ಲ. ಓಟಿನ ಭಯ ಹೋದ ಮೇಲೆ ಸಂಬಳದ ಮಾತೆತ್ತಿದ. ಬಸ್ಸಿಗೆ, ಊಟಕ್ಕೆ ಏನೋ ಕೊಡುತ್ತಾರೆ, ಸಂಬಳ ಅಂತ ಇಲ್ಲ ಎಂದು ಲಿಂಗಯ್ಯ ಒಪ್ಪಿಕೊಂಡ. ಹಾಗಾದರೆ ಅದು ಬಿಟ್ಟಿ ಚಾಕರಿ ಎಂದ ಬೋರಯ್ಯ. ತನಗೆ ಗೊತ್ತಿದ್ದ ಒಬ್ಬ ಹುಡುಗ ಯಾವುದೋ ಕಚೇರಿಯಲ್ಲಿ ಕೆಲಸ ಕಲಿಯುತ್ತೇನೆಂದು ಸೇರಿದ್ದನಂತೆ. ಅಲ್ಲಿ ಅವನು ಕಲಿತದ್ದು ಗುಮಾಸ್ತರ ಮನೆಗೆ ಸೊಪ್ಪು ತರಕಾರಿ ಆರಿಸಿ ತರುವುದನ್ನು ಮಾತ್ರ. ಕೂದಲು ನರೆತರೂ ಅವನ ಉಮೇದುವಾರಿ ಮುಗಿದಿರಲಿಲ್ಲ.

ಪಂಕಜಮ್ಮನವರು ಅದನ್ನು ಅಲ್ಲಗಳೆಯಲಿಲ್ಲ. ಅಂಥದ್ದೂ ಉಂಟು, ಅದಕ್ಕೇ ಕೇಳಿ ತಿಳಿದುಕೊಂಡು ಸೇರಬೇಕು ಎಂದರು. ಆಮೇಲೆ ಬೇರೆಯೇ ಮಾತೆತ್ತಿದರು. ಬೆಲ್ಲದ ಪಾಕದ ಹದ ನೋಡುವುದನ್ನು ಬೋರಯ್ಯನಿಗೆ ಯಾರು ಕಲಿಸಿದರು ಎಂದು ಕೇಳಿದರು. ಬೋರಯ್ಯ ಮೀಸೆ ನೀವಿಕೊಂಡ. ಮದ್ದೂರು ಕಡೆಯ ಸೋದರಮಾವ ಕಲಿಸಿದ್ದು, ಒಂದು ಸುಗ್ಗಿ ಪೂರ್ತಿ ಅವರ ಆಲೆಮನೆಯಲ್ಲಿ ಒಲೆಗೆ ಒಣಗಿದ ಕಬ್ಬಿನ ಸೋಗೆ ನೂಕಿದ್ದೇನೆ ಎಂದ.

“ಮಾವ ಸಂಬಳ ಎಷ್ಟು ಕೊಟ್ಟರು?”

“ಸಂಬಳವಾ? ಪಾಕ ಸೀದಾಗ್ಲೆಲ್ಲ ತಿರುವೋ ಸವಟಲ್ಲಿ ಬೆನ್ನಿಗೆ ಕೊಡೋರು.”

“ಆ ಒಂದು ಸುಗ್ಗಿ ಅಲ್ಲಿ ಕೂರದೇ ಇದ್ದಿದ್ದರೆ?”

“ಬೆಲ್ಲ ಅಚ್ಚಲ್ಲಿ ನಿಲ್ತಿರ್ನಿಲ್ಲ ಅಮ್ಮಾವ್ರೇ. ಎಮ್ಮೆಗೆ ಕುಡುಸ್ಬೇಕಾಯ್ತಿತ್ತು.”

ಸಣ್ಣತಾಯಮ್ಮ ಬಟ್ಟಲನ್ನು ಕೆಳಗಿಟ್ಟಳು. “ಅಂಗಾರೆ ನೀನೂ ಉಮೇದುವಾರನೇ ಅನ್ನು ಬೋರಣ್ಣ. ಸವಟಿನ ಉಮೇದುವಾರ.”

ಚಿಕ್ಕನಂಜಮ್ಮ ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪಂಕಜಮ್ಮನವರು ಮುಂದೆ ಹೇಳಿದ್ದನ್ನು ಓದುವವರು ಮನಸ್ಸಿಟ್ಟು ಕೇಳಬೇಕು. ಲಿಂಗಯ್ಯ ಕಬ್ಬಿನ ಹಾಲಿನಲ್ಲಿ ಏನೇನಿದೆ ಎಂದು ಪುಸ್ತಕದಲ್ಲಿ ಓದಿದ್ದಾನೆ, ಅದನ್ನು ಪರೀಕ್ಷೆ ಮಾಡುವ ಗಾಜಿನ ಕೊಳವೆಯನ್ನು ಕೈಯಲ್ಲಿ ಹಿಡಿದಿಲ್ಲ. ನಾಳೆ ಪಾಸಾಗಿ ಕೆಲಸ ಕೇಳಲು ಹೋದರೆ, ನಿನಗೆ ಏನು ಮಾಡಿ ಗೊತ್ತು ಎಂದೇ ಕೇಳುತ್ತಾರೆ. ಕಲಿತವರ ಜೊತೆ ಎರಡು ತಿಂಗಳು ನಿಂತರೆ ಕೈ ಪಳಗುತ್ತದೆ, ದೊಡ್ಡವರ ಪರಿಚಯವಾಗುತ್ತದೆ, ಯಾವ ಯಾವ ಕೆಲಸಗಳಿವೆ ಎಂಬುದು ತಿಳಿಯುತ್ತದೆ. ಈ ಕೆಲಸ ತನಗೆ ಒಗ್ಗುವುದಿಲ್ಲ ಅನ್ನಿಸಿದರೆ ಅದೂ ಲಾಭವೇ. ಬಿ.ಎಸ್ಸಿ. ಮುಗಿಸಿ ಕೊರಗುವುದಕ್ಕಿಂತ ಮೊದಲೇ ಗೊತ್ತಾಗುವುದು ಮೇಲು.

ಆಮೇಲೆ ಅವರು ಲಿಂಗಯ್ಯನನ್ನು ಹಿಡಿದರು. ಎಷ್ಟು ದಿನ? ಕಲಿಸುವವರು ಯಾರು? ಕಲಿತದ್ದಕ್ಕೆ ಕೊನೆಯಲ್ಲಿ ಸರ್ಟಿಫಿಕೇಟು ಕೊಡುತ್ತಾರೆಯೇ? ಕುದಿಯುವ ಹಂಡೆ, ತಿರುಗುವ ಯಂತ್ರದ ಹತ್ತಿರ ಇರುವಾಗ ಜೊತೆಗೆ ಯಾರಿರುತ್ತಾರೆ? ಮೊದಲನೆಯದಕ್ಕೆ ಮಾತ್ರ ಹುಡುಗನಲ್ಲಿ ಉತ್ತರವಿತ್ತು. ಉಳಿದದ್ದನ್ನು ಕೇಳಿದರೆ ಪ್ರಯೋಗಶಾಲೆಯವರು ಬೇಜಾರು ಮಾಡಿಕೊಂಡು ಬೇಡ ಅಂದುಬಿಟ್ಟರೆ ಎಂದು ಅವನಿಗೆ ಅಳುಕು. ಇದಕ್ಕೆ ಉತ್ತರ ಕೊಟ್ಟವನು ಬೋರಯ್ಯ.

“ಸಂತೇಲಿ ಎತ್ತಿನ ಬಾಯಿ ತೆಗ್ದು ಅಲ್ಲು ನೋಡ್ತೀವಿ. ಮಾರೋನು ಬೇಜಾರು ಮಾಡ್ಕಂಡಾನಾ? ಬೇಜಾರು ಮಾಡ್ಕಂಡ್ರೆ ಆ ಎತ್ತಲ್ಲೇ ಏನೋ ಐತೆ. ಕೇಳ್ಲಾ.”

ಲಿಂಗಯ್ಯ ಒಪ್ಪಿಗೆಯ ಕಾಗದದ ಕೆಳಗೆ ಆ ಪ್ರಶ್ನೆಗಳನ್ನು ಮರ್ಯಾದೆಯಿಂದ ಬರೆದ. ಉಳಿದುಕೊಳ್ಳಲು ಮಂಡ್ಯದ ಹತ್ತಿರದ ಕೊತ್ತತ್ತಿಯಲ್ಲಿ ಚಿಕ್ಕನಂಜಮ್ಮನ ಅಕ್ಕನ ಮನೆಯಿತ್ತು, ಸೈಕಲ್ಲಿನಲ್ಲಿ ಓಡಾಡಬಹುದು. ಇನ್ನು ರುಜು ಒಂದೇ ಬಾಕಿ.

ಹೆಬ್ಬೆಟ್ಟು ಒತ್ತಿದರೂ ಸಾಕಾಗಿತ್ತು. ಕಾಲೇಜು ಓದುವವನ ಅಪ್ಪ ಹೆಬ್ಬೆಟ್ಟು ಅಂತ ಮಂಡ್ಯದವರು ಆಡಿಕೊಳ್ಳಬಾರದು ಎಂದು ಬೋರಯ್ಯ ಹಟ ಹಿಡಿದ. ಅವನಿಗೆ ಅಕ್ಷರ ಬಾರದು, ರಾತ್ರಿ ಪಾಠಕ್ಕೆ ಹೋಗುತ್ತಿದ್ದ ಹೆಂಡತಿಗೆ ಬರುತ್ತಿತ್ತು. ಚಿಕ್ಕನಂಜಮ್ಮ ನೆಲದ ಮೇಲೆ ಇದ್ದಿಲಲ್ಲಿ ಬರೆದು ತೋರಿಸಿದಳು. ‘ಬೋ’ ಬಂತು, ‘ರ’ ಬಂತು. ಒತ್ತಕ್ಷರ ಬಂದಾಗಲೆಲ್ಲ ಬೋರಯ್ಯನ ಬೆವರು ಇಳಿಯಿತು. ‘ಚಿಕ್ಕ’ ಅನ್ನುವುದನ್ನು ಬಿಟ್ಟುಬಿಡೋಣ ಎಂದ, ತಾನೀಗ ಚಿಕ್ಕವನೇನಲ್ಲ ಎಂದು ಕಾರಣವನ್ನೂ ಕೊಟ್ಟ. ಕಾಲೇಜಿನಲ್ಲಿ ಇರುವ ಹೆಸರೇ ಇರಬೇಕೆಂದು ಪಂಕಜಮ್ಮನವರು ಬಿಡಲಿಲ್ಲ. ಯುದ್ಧ ಮುಗಿದಿದ್ದರೂ ಕಾಗದಕ್ಕೆ ಬರ, ಮನೆಯಲ್ಲಿ ಇದ್ದದ್ದು ಆ ಒಂದೇ ಹಾಳೆ. ತಪ್ಪುವ ಹಾಗಿರಲಿಲ್ಲ. ಅಂದು ಸಂಜೆಯವರೆಗೂ ಅಭ್ಯಾಸ ನಡೆಯಿತು. ಮಾರನೆಯ ಬೆಳಿಗ್ಗೆ ಹಾಳೆಯ ಮೇಲೆ ಚಿಕ್ಕಬೋರಯ್ಯ ಎಂದು ಮೂಡಿದಾಗ ಮನೆಯಲ್ಲಿ ಯಾರೂ ಉಸಿರಾಡುತ್ತಿರಲಿಲ್ಲ.

ತಾಯಂದಿರೇ, ತಂದೆಯರೇ, ನಿಮ್ಮ ಮನೆಯಲ್ಲೂ ಕಾಲೇಜಿಗೆ ಹೋಗುವ ಮಕ್ಕಳಿರಬಹುದು. ಕೆಲಸ ಕಲಿಯುವ ಅವಕಾಶ ಬಂದಿದೆ ಎಂದು ಅವರು ಹೇಳಿದರೆ ಮುದ್ದೆ ಬಿಟ್ಟು ಏಳಬೇಡಿ, ಪೂರ್ತಿ ಕೇಳಿ. ಮಕ್ಕಳೇ, ನೀವೂ ಅರ್ಧ ಹೇಳಿ ಮುಖ ಊದಿಸಬೇಡಿ. ಕರೆದವರನ್ನು ಅವಧಿ ಎಷ್ಟು, ಕಲಿಸುವುದೇನು ಎಂದು ಕೇಳಿ. ಸರಿಯೆಂದು ಕಂಡರೆ ತಡ ಮಾಡಬೇಡಿ, ಇಂದೇ ಉತ್ತರ ಬರೆಯಿರಿ. ಹೆಣ್ಣುಮಕ್ಕಳಿಗೂ ನರ್ಸಿಂಗು, ಉಪಾಧ್ಯಾಯಿನಿ ತರಬೇತಿಗೆ ಕರೆ ಬರುತ್ತದೆ, ಅವರ ಕಾಗದವನ್ನೂ ಪೆಟ್ಟಿಗೆಯಲ್ಲಿ ಮಡಿಸಿಡಬೇಡಿ.

ಇನ್ನು ಬೋರಯ್ಯನ ಕಾಗದ ಏನಾಯಿತು ಎಂದು ಹೇಳಿಬಿಡುತ್ತೇನೆ. ಅವನು ರುಜು ಹಾಕಿ ತಲೆಯೆತ್ತುವಷ್ಟರಲ್ಲಿ ಟಪಾಲು ಚೀಲ ಹೊತ್ತ ಮಳವಳ್ಳಿ ಬಸ್ಸು ಹೊರಟುಹೋಗಿತ್ತು. ಅಂದು ಕಳಿಸದಿದ್ದರೆ ಕಾಗದ ವೇಳೆಗೆ ಮುಟ್ಟುವ ಹಾಗಿರಲಿಲ್ಲ. ಬೋರಯ್ಯ ಹಾಳೆಯನ್ನು ಎರಡು ಕೈಯಲ್ಲೂ ಬಿಚ್ಚಿ ಹಿಡಿದು ರಸ್ತೆಗೆ ಬಿದ್ದು ಓಡಿದ. ಮಗನ ಕೈಗೆ ಕೊಡಲಿಲ್ಲ, ಮಡಿಸಲೂ ಬಿಡಲಿಲ್ಲ. ಇನ್ನೂ ಮಸಿ ಆರಿಲ್ಲ, ಹೆಸರು ಕಲಸಿಹೋಗುತ್ತದೆ ಎಂದ. ಹಿಂದೆ ಲಿಂಗಯ್ಯ ಲಕೋಟೆ ಹಿಡಿದು ಓಡಿದ.

ಅದು ಪೆಟ್ರೋಲಿಗೆ ಬದಲು ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು. ಊರಾಚೆಯ ಏರಿನಲ್ಲಿ ಎಂದಿನಂತೆ ಕೆಮ್ಮುತ್ತಾ ನಿಂತಿತ್ತು, ಜನ ಇಳಿದು ತಳ್ಳುತ್ತಿದ್ದರು. ಟಪಾಲು ಚೀಲಕ್ಕೆ ಸೀಲು ಬಿದ್ದಿದೆ, ಬಿಚ್ಚುವ ಹಾಗಿಲ್ಲ, ಬೇಕಾದರೆ ಹತ್ತಿ ಮಳವಳ್ಳಿಗೆ ಬನ್ನಿ ಎಂದ ಕಂಡಕ್ಟರು. ಹತ್ತಬೇಕಾದರೆ ಮೊದಲು ತಳ್ಳಬೇಕು ಎಂದೂ ಸೇರಿಸಿದ. ಬೋರಯ್ಯ ಕಾಗದವನ್ನು ಎತ್ತಿ ಹಿಡಿದುಕೊಂಡು ಬೆನ್ನು ಕೊಟ್ಟು ತಳ್ಳಿದ.

ಮಳವಳ್ಳಿ ಅಂಚೆ ಕಚೇರಿಯ ಮುಂದೆ ಮಸಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಆರಿದೆ ಎಂದು ಖಾತ್ರಿಯಾದ ಮೇಲೆಯೇ ಮಡಿಸಲು ಬಿಟ್ಟ. ಲಿಂಗಯ್ಯ ಲಕೋಟೆ ಅಂಟಿಸಿದ. ಅಪ್ಪ ಅದನ್ನು ಇಸಿದುಕೊಂಡು ಕೆಂಪು ಡಬ್ಬಿಯ ಬಾಯಿಗೆ ಹಾಕಿ, ಡಬ್ಬಿಗೆ ಕಿವಿ ಕೊಟ್ಟು ನಿಂತ.

“ಬಿತ್ತು ಕಣ್ಲಾ,” ಎಂದ.